ಬ್ಲ್ಯಾಕ್‌ಲೈಟಿನಲ್ಲಿ ಹೊಳೆಯುವ ವಿ.ಎ.ಡಿ. ಏಪ್ರನ್ ನಕಲಿಯೇ?

ಮೊದಲ ಮಹಾಯುದ್ಧದ ವಿ.ಎ.ಡಿ. (ಬ್ರಿಟನ್ನಿನ ಸ್ವಯಂಸೇವಕ ಶುಶ್ರೂಷಾ ಪಡೆ) ಏಪ್ರನ್, 1915ರದ್ದು ಅಂತ ಕೊಂಡದ್ದು ಬ್ಲ್ಯಾಕ್‌ಲೈಟ್ (ನೇರಳಾತೀತ ದೀಪ) ಹಿಡಿದಾಗ ಇಡಿಯಾಗಿ ನೀಲಿ ಹೊಳೆಯುತ್ತಿದೆ, ಜೊತೆಗೊಂದು ಬೂದು ಉಡುಪೂ ಬಂದಿದೆ ಅಂದಿದ್ದೀರಿ. ಬಹುಶಃ ಯಾರೋ ಈಚೆಗೆ ಡಿಟರ್ಜೆಂಟ್ ಹಾಕಿ ಒಗೆದಿದ್ದಾರೆ. ಈಗಿನ ಡಿಟರ್ಜೆಂಟ್‌ನಲ್ಲಿ ಬಿಳುಪು ಹೆಚ್ಚಿಸಲು ಹಾಕುವ ರಾಸಾಯನಿಕವೇ ಹೀಗೆ ಹೊಳೆಯುವುದು, ಅದನ್ನು ಹಳೆಯ ಹತ್ತಿಯೂ ಹೀರಿಕೊಳ್ಳುತ್ತದೆ. ಹೊಳಪೊಂದನ್ನೇ ನಂಬಿ ವಾಪಸ್ ಕಳಿಸಬೇಡಿ.

ಮೊದಲು ದಾರ ನೋಡಿ. ಎದೆಯ ಮೇಲಿನ ಕೆಂಪು ಶಿಲುಬೆಯ ಹಿಂಬದಿಯಲ್ಲಿ ಸಡಿಲವಾದ ತುದಿ ಸಿಕ್ಕರೆ ಅರ್ಧ ಸೆಂ.ಮೀ. ಕತ್ತರಿಸಿ, ಚಿಮುಟದಲ್ಲಿ ಹಿಡಿದು, ಬಟ್ಟೆಯಿಂದ ದೂರ ಹೋಗಿ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಗಾದರೆ ಆ ಹೊಲಿಗೆ ಯುದ್ಧಕಾಲದ್ದಲ್ಲ. ಅಂಚಿನಲ್ಲಿ ಮಾತ್ರ ಪಾಲಿಯೆಸ್ಟರ್ ಸಿಕ್ಕರೆ ರಿಪೇರಿ ಇರಬಹುದು. ಶಿಲುಬೆಯಲ್ಲೇ ಸಿಕ್ಕರೆ ಅನುಮಾನ ಗಟ್ಟಿ, ಯಾಕೆಂದರೆ ಸಾದಾ ಹಳೇ ಏಪ್ರನ್‌ಗೆ ಶಿಲುಬೆ ಅಂಟಿಸಿ ಬೆಲೆ ಏರಿಸುವುದೇ ಸುಲಭದ ಮೋಸ.

ಆಮೇಲೆ ಶಿಲುಬೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ. ಬಳಸಿ ಒಗೆದದ್ದಾದರೆ ಒಳಗೆ ಮಡಚಿದ ಭಾಗದ ಕೆಂಪು ಹೊರಗಿನದಕ್ಕಿಂತ ಗಾಢವಾಗಿರಬೇಕು. ಎರಡೂ ಒಂದೇ ಬಣ್ಣ, ಸುತ್ತಲಿನ ಬಟ್ಟೆ ಮಾತ್ರ ಸವೆದಿದೆ ಅಂದರೆ ನಾನಾದರೆ ಕೊಳ್ಳುವುದಿಲ್ಲ. ಹತ್ತಿ ದಾರವೂ ಪೂರ್ತಿ ಖಾತರಿಯಲ್ಲ, ಹಳೇ ದಾರದ ಉಂಡೆ ಈಗಲೂ ಸಿಗುತ್ತದೆ.

ಜೊತೆಗೆ ಬಂದ ಬೂದು ಉಡುಪೇ ನನಗೆ ಹೆಚ್ಚು ತೊಂದರೆಯದಾಗಿ ಕಾಣುತ್ತದೆ. ಬೂದು ಸೇಂಟ್ ಜಾನ್ ಆಂಬ್ಯುಲೆನ್ಸ್‌ನ ವಿ.ಎ.ಡಿ.ಗಳದು, ಬ್ರಿಟಿಷ್ ರೆಡ್ ಕ್ರಾಸ್‌ನವರದು ನೀಲಿ. ಕೆಂಪು ಶಿಲುಬೆಯ ಏಪ್ರನ್ ಜೊತೆ ಬೂದು ಉಡುಪು ಬಂದಿದ್ದರೆ ಎರಡು ಕಡೆಯಿಂದ ಕೂಡಿಸಿದ ಸೆಟ್ ಇರಬೇಕು. ಮಾರಿದವರನ್ನು ಇದನ್ನೇ ಮೊದಲು ಕೇಳಿ. ಅಲ್ಲಿಯವರೆಗೆ ಒಗೆಯಬೇಡಿ, ಕೆಂಪು ಬಣ್ಣ ಬಿಟ್ಟು ಬಿಳಿಗೆ ಹರಡಿದರೆ ತೆಗೆಯುವುದು ಕಷ್ಟ.