ಅಮಾವಾಸ್ಯೆಗೆ ಮದುವೆ ಇಲ್ಲ, ಆಂಡ್ರೊಮೀಡ ಇದೆ

ಕ್ಯಾಮೆರಾ: ಓದುಗರ ಪ್ರಶ್ನೆ, ಕುಷ್ಟಗಿ ಸ್ಟುಡಿಯೋದ ಉತ್ತರ

ಪ್ರಶ್ನೆ: ನನ್ನ ಬಳಿ ಕೆನಾನ್ 1300ಡಿ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸ್, ಒಂದು 50 ಎಂಎಂ ಎಫ್ 1.8 ಲೆನ್ಸ್ ಇವೆ. ಮಾಳಿಗೆ ಮೇಲೆ ಟ್ರೈಪಾಡ್ ಇಟ್ಟು ಆಂಡ್ರೊಮೀಡ ಗ್ಯಾಲಕ್ಸಿಯನ್ನು 30 ಸೆಕೆಂಡ್ ತೆಗೆದೆ. ಆಕಾಶವೆಲ್ಲ ಕಿತ್ತಳೆ, ಚುಕ್ಕಿಗಳೆಲ್ಲ ಗೆರೆ, ನಡುವೆ ಒಂದು ಬಿಳಿ ಕಲೆ. 1000 ಎಂಎಂ ಫೋಕಲ್ ಲೆಂಥ್ ಇರುವ ದೂರದರ್ಶಕಕ್ಕೆ ನಲವತ್ತು ಸಾವಿರ ಕೂಡಿಸಿದ್ದೇನೆ. ಕೊಳ್ಳಲೇ?
– ಓದುಗರು, ಗಂಗಾವತಿ

ಉತ್ತರ: ಬ್ಯಾಡ್ರಿ. ನಲವತ್ತು ಸಾವಿರ ಹಾಗೇ ಇರಲಿ, ಪೆಟ್ರೋಲಿಗೆ ಐದು ನೂರು ತೆಗೆಯಿರಿ.

ಆಂಡ್ರೊಮೀಡ ಸಣ್ಣದು, ಹಿಗ್ಗಿಸಿ ನೋಡಬೇಕು ಅಂತ ತಿಳಿದಿದ್ದೀರಿ. ಆಕಾಶದಲ್ಲಿ ಅದರ ಉದ್ದ ಸುಮಾರು 3 ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರರನ್ನು ಆರು ಸಾಲಾಗಿ ಇಟ್ಟಷ್ಟು. 1000 ಎಂಎಂ ದೂರದರ್ಶಕಕ್ಕೆ ನಿಮ್ಮ ಕ್ಯಾಮೆರಾ ಕೂಡಿಸಿದರೆ ಕಾಣುವ ಅಗಲ 1.3 ಡಿಗ್ರಿಯಷ್ಟೇ. ಬೀಗರ ಗುಂಪನ್ನೆಲ್ಲ ಎರಡಡಿ ದೂರದಿಂದ ತೆಗೆಯಲು ಹೋದಂತೆ; ಒಬ್ಬರ ಮೂಗು, ಇನ್ನೊಬ್ಬರ ರುಮಾಲು. ನಿಮ್ಮ 50 ಎಂಎಂನಲ್ಲಿ ಸುಮಾರು 25 ಡಿಗ್ರಿ ಅಗಲ ಸಿಗುತ್ತದೆ. ಗ್ಯಾಲಕ್ಸಿ ಅದರ ಎಂಟನೇ ಒಂದು ಭಾಗ, ಪಿಕ್ಸೆಲ್ ಲೆಕ್ಕದಲ್ಲಿ ಆರು ನೂರು. ಪತ್ರಿಕೆಯಲ್ಲಿ ಅಚ್ಚು ಹಾಕಲು ಅಷ್ಟು ಸಾಕು.

ಆಂಡ್ರೊಮೀಡದ ತೊಂದರೆ ಮಬ್ಬಿನದು. ನಡುವಿನ ತಿರುಳು ಬೆಳ್ಳಗೆ ಬಂದುಬಿಡುತ್ತದೆ (ನಿಮಗೆ ಸಿಕ್ಕ ಕಲೆ ಅದೇ), ಸುತ್ತಲಿನ ಸೆರಗು ಬರುವುದಿಲ್ಲ. ಸೆರಗಿಗೆ ಬೆಳಕು ಬೇಕು, ಬೆಳಕಿಗೆ ಹೊತ್ತು ಬೇಕು. ಆದರೆ ಭೂಮಿ ತಿರುಗುತ್ತಿದೆ. 50 ಎಂಎಂ ಲೆನ್ಸಾದರೆ 30 ಸೆಕೆಂಡಿನಲ್ಲಿ ಆ ಭಾಗದ ಚುಕ್ಕಿಗಳು ನಿಮ್ಮ ಸೆನ್ಸರ್ ಮೇಲೆ ಇಪ್ಪತ್ತು ಪಿಕ್ಸೆಲ್ ಸರಿದಿರುತ್ತವೆ. ಹಾಗಾಗಿ 5 ಸೆಕೆಂಡ್ ಮೀರಬೇಡಿ. ಐಎಸ್ಒ (ಬೆಳಕಿಗೆ ಸೂಕ್ಷ್ಮತೆ) 1600, ಲೆನ್ಸಿನ ಕಿಂಡಿ ಎಫ್ 2.8, ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೋ). ಹೀಗೆ ಮುನ್ನೂರು ಫೋಟೋ. ತಂತಿಯ ರಿಮೋಟ್ ಒಂದಿದ್ದರೆ ಗುಂಡಿ ಲಾಕ್ ಮಾಡಿ ಕೈ ಕಟ್ಟಿ ಕೂಡಬಹುದು.

ಒಂದೊಂದೇ ನೋಡಿದರೆ ಎಲ್ಲವೂ ದರಿದ್ರವಾಗಿರುತ್ತವೆ, ಅಳಿಸಬೇಡಿ. ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಎಂಬ ಪುಕ್ಕಟೆ ತಂತ್ರಾಂಶ ಚುಕ್ಕಿಗೆ ಚುಕ್ಕಿ ಹೊಂದಿಸಿ ಅವನ್ನೆಲ್ಲ ಒಂದರ ಮೇಲೊಂದು ಪೇರಿಸುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ಗಂಗಾವತಿಯವರಿಗೆ ನಾನು ಹೇಳಬೇಕೆ? ಕಾಳು ಪ್ರತಿ ಸಲ ಅಲ್ಲೇ ಬೀಳುತ್ತದೆ, ಹೊಟ್ಟು ಒಮ್ಮೆ ಅತ್ತ ಒಮ್ಮೆ ಇತ್ತ. ಗ್ಯಾಲಕ್ಸಿ ಕಾಳು, ಫೋಟೋದ ನಾಯ್ಸ್ (ಮರಳು ಎರಚಿದಂತೆ ಕಾಣುವ ಕಲೆ) ಹೊಟ್ಟು. ನೂರು ಫೋಟೋ ಪೇರಿಸಿದರೆ ನಾಯ್ಸ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ನಾಲ್ಕು ನೂರಕ್ಕೆ ಇಪ್ಪತ್ತನೇ ಒಂದಕ್ಕೆ. ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್ಒ, ಅದೇ 5 ಸೆಕೆಂಡಿಗೆ ಇಪ್ಪತ್ತು ಕಪ್ಪು ಫೋಟೋ ತೆಗೆಯಿರಿ. ಸೆನ್ಸರಿನ ಸ್ವಂತ ಕಲೆಗಳನ್ನು ಕಳೆಯಲು ಅವು ಬೇಕು.

ಫೋಕಸ್ ಮಾತ್ರ ಆಟೋ ಮೇಲೆ ಬಿಡಬೇಡಿ. ಲೈವ್ ವ್ಯೂನಲ್ಲಿ ಒಂದು ದೊಡ್ಡ ಚುಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸಿ, ಸಾಸಿವೆಯಷ್ಟಾಗುವ ತನಕ ರಿಂಗ್ ತಿರುಗಿಸಿ, ಅಲ್ಲೇ ಟೇಪ್ ಸುತ್ತಿ. ಟೇಪ್ ಸುತ್ತದೆ ಒಂದು ಇಡೀ ರಾತ್ರಿ ಕಳೆದುಕೊಂಡವನು ನಾನು.

ಇನ್ನು ಪೆಟ್ರೋಲಿನ ಮಾತು. ನಿಮ್ಮ ಮಾಳಿಗೆಯ ಕಿತ್ತಳೆ ಬೀದಿದೀಪಗಳದು, ಯಾವ ಲೆನ್ಸೂ ಅದನ್ನು ತೆಗೆಯಲಾರದು. ಕಾಲುವೆ ನೀರಿನ ಗದ್ದೆಗಳ ಕಡೆಗೂ ಹೋಗಬೇಡಿ, ಚಳಿಗಾಲದಲ್ಲಿ ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಹೊಲಗಳು ಮೇಲು. ಎರೆ ಮಣ್ಣಾದರೆ ಟ್ರೈಪಾಡಿನ ಮೂರು ಕಾಲಿಗೂ ಒಂದೊಂದು ಚಪ್ಪಟೆ ಕಲ್ಲು ಕೊಡಿ. ಗಾಳಿಯಂತ್ರಗಳ ಕೆಂಪು ದೀಪ ಕಣ್ಣು ಮಿಟುಕಿಸುತ್ತಿರುತ್ತವೆ, ಆದರೆ ಅವು ದಿಗಂತದಲ್ಲಿ. ಆಂಡ್ರೊಮೀಡ ನಮ್ಮಲ್ಲಿ ಉತ್ತರಕ್ಕೆ 64 ಡಿಗ್ರಿ ಎತ್ತರ ಏರುತ್ತದೆ. ನವೆಂಬರ್ ನಡುವಿನಲ್ಲಿ ರಾತ್ರಿ ಒಂಬತ್ತೂವರೆ ಹೊತ್ತಿಗೆ. ಉತ್ತರಕ್ಕೆ ಮುಖ ಮಾಡಿದರೆ ಐದು ಚುಕ್ಕಿಗಳ ಕ್ಯಾಸಿಯೋಪಿಯಾ ಕಾಣುತ್ತದೆ. ಅದರ ಎರಡು ಮೂಲೆಗಳಲ್ಲಿ ಹೆಚ್ಚು ಚೂಪಾದದ್ದು ಆಂಡ್ರೊಮೀಡದ ಕಡೆಗೇ ತೋರಿಸುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಕ್ಯಾಮೆರಾ ಇಲ್ಲದೆಯೂ ಉಸಿರು ತಾಗಿದ ಕನ್ನಡಿಯಂತೆ ಒಂದು ಮಸುಕು ಕಾಣುತ್ತದೆ.

ಚಂದ್ರ ಇರಬಾರದು. ಮದುವೆ ಫೋಟೋದವರಿಗೆ ಇದಕ್ಕಿಂತ ಅನುಕೂಲ ಇನ್ನೇನು? ಅಮಾವಾಸ್ಯೆಗೆ ಯಾರೂ ಮುಹೂರ್ತ ಇಡುವುದಿಲ್ಲ. ದೀಪಾವಳಿ ಅಮಾವಾಸ್ಯೆ ಮಾತ್ರ ಬಿಡಿ, ಪಟಾಕಿ ಹೊಗೆ.

ಒಂದು ಎಚ್ಚರಿಕೆ. ಮೂರು ವರ್ಷದ ಹಿಂದೆ ಕನಕಗಿರಿ ಕಡೆ ಒಂದು ಹಾಳು ಮಂಟಪದ ಕಟ್ಟೆ ಮೇಲೆ ಕ್ಯಾಮೆರಾ ಹೂಡಿದ್ದೆ. ಅಮಾವಾಸ್ಯೆ ರಾತ್ರಿ, ಹಾಳು ಮಂಟಪ, ತಲೆಗೆ ಕೆಂಪು ದೀಪ ಕಟ್ಟಿಕೊಂಡ ಒಬ್ಬ ಮನುಷ್ಯ: ನಮ್ಮ ಸೀಮೆಯಲ್ಲಿ ಇದಕ್ಕೆ ಒಂದೇ ಅರ್ಥ, ನಿಧಿ. ಹತ್ತು ಹನ್ನೆರಡು ಜನ ಬಡಿಗೆ, ಬ್ಯಾಟರಿ ಹಿಡಿದು ಬಂದರು. "ಯಾರಲೇ ಅಂವಾ, ಏನ್ ಅಗ್ಯಾಕತ್ತಿ?" ಚೀಲ ಸುರುವಿ ತೋರಿಸಿದೆ, ಸಲಿಕೆ ಇಲ್ಲ, ನಿಂಬೆಹಣ್ಣೂ ಇಲ್ಲ. ಕ್ಯಾಮೆರಾ ಪರದೆಯ ಮೇಲೆ ಆಂಡ್ರೊಮೀಡ ತೋರಿಸಿ, ಈ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷ ಆಯಿತು ಅಂದೆ. ಒಬ್ಬ ಅಜ್ಜ ಬಗ್ಗಿ ನೋಡಿದರು. "ಮಸುಕ್ ಬಂದೈತಲ್ಲೋ. ಮದುವಿ ಫೋಟೋನೂ ಹಿಂಗ ತೆಗೀತೀ ಏನ್?" ಈಗ ಹೊಲದವರಿಗೆ ಸಂಜೆಯೇ ಹೇಳಿ, ಚಹಾ ಕುಡಿದು, ಆಮೇಲೆ ಟ್ರೈಪಾಡ್ ಬಿಚ್ಚುತ್ತೇನೆ.

ಏನು ಸಿಗುತ್ತದೆ? ಹಳದಿ ತಿರುಳು, ಒಂದು ಮಗ್ಗುಲಲ್ಲಿ ಧೂಳಿನ ಕಪ್ಪು ಪಟ್ಟಿಯ ಸುಳಿವು, ಪಕ್ಕದಲ್ಲಿ ಎಂ32, ಎಂ110 ಎಂಬ ಎರಡು ಮರಿ ಗ್ಯಾಲಕ್ಸಿಗಳು. ಸುರುಳಿ ತೋಳಿನ ಗುಲಾಬಿ ಗಂಟುಗಳು ಬರಲಿಕ್ಕಿಲ್ಲ. ಆ ಕೆಂಪು ಬೆಳಕಿನ ಬಹುಪಾಲನ್ನು ಕ್ಯಾಮೆರಾದೊಳಗಿನ ಫಿಲ್ಟರೇ ತಡೆಯುತ್ತದೆ. ಐಸಾಕ್ ರಾಬರ್ಟ್ಸ್ 1888ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಆಂಡ್ರೊಮೀಡದ ಫೋಟೋ ತೆಗೆದದ್ದು 20 ಇಂಚಿನ ದೂರದರ್ಶಕದಿಂದ, ಗಾಜಿನ ಪ್ಲೇಟ್ ಮೇಲೆ. ಅದು ನಮ್ಮದೇ ಆಕಾಶಗಂಗೆಯ ಹೊರಗಿನದು ಅಂತ ಆಗ ಯಾರಿಗೂ ಖಾತ್ರಿ ಇರಲಿಲ್ಲ. ಅದಕ್ಕೆ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ 1923ರಲ್ಲಿ ತೆಗೆದ ಫೋಟೋಗಳೇ ಬರಬೇಕಾಯಿತು.

ಮುನ್ನೂರು ಫೋಟೋ ಪೇರಿಸಿಯೂ ಇನ್ನೂ ಬೇಕು ಅನ್ನಿಸಿದರೆ ಆಗ ಸ್ಟಾರ್ ಟ್ರ್ಯಾಕರ್ (ಚುಕ್ಕಿಗಳ ಜೊತೆಗೇ ಕ್ಯಾಮೆರಾವನ್ನು ನಿಧಾನ ತಿರುಗಿಸುವ ಯಂತ್ರ) ಕೊಳ್ಳಿ, ದೂರದರ್ಶಕ ಅಲ್ಲ. ಅದನ್ನು ಧ್ರುವ ನಕ್ಷತ್ರಕ್ಕೆ ಗುರಿ ಹಿಡಿದು ಇಡಬೇಕು. ಧ್ರುವ ನಮ್ಮಲ್ಲಿ 15 ಡಿಗ್ರಿ ಮೇಲಷ್ಟೇ ಇರುವುದು. ಆನೆಗೊಂದಿಯ ಬಂಡೆಗಳ ನಡುವೆ ಕೂತರೆ ಕಾಣುವುದೇ ಇಲ್ಲ.

ಪ್ರಶ್ನೆ: ಮೆಗಲನ್ ಮೋಡ ಆಂಡ್ರೊಮೀಡಕ್ಕಿಂತ ಹತ್ತಿರದ ಗ್ಯಾಲಕ್ಸಿಯಂತಲ್ಲ, ಅದನ್ನೇಕೆ ತೆಗೆಯಬಾರದು?
– ಓದುಗರು, ಸಿಂಧನೂರು

ಉತ್ತರ: ಹತ್ತಿರವೇನೋ ಹೌದು, ದೊಡ್ಡ ಮೋಡ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ. ಆದರೆ ಅದು ದಕ್ಷಿಣದ ಕಟ್ಟಕಡೆಗೆ. ಜನವರಿ ನಡುವಿನಲ್ಲಿ ರಾತ್ರಿ ಹತ್ತಕ್ಕೆ ನಿಮ್ಮೂರಲ್ಲಿ ದಿಗಂತದಿಂದ ಐದು ಡಿಗ್ರಿಯೂ ಏರುವುದಿಲ್ಲ. ಜಾಲಿಗಿಡದ ಹಿಂದೆಯೇ ಹುಟ್ಟಿ ಅಲ್ಲೇ ಮುಳುಗುತ್ತದೆ. ಕನ್ಯಾಕುಮಾರಿಯಲ್ಲಾದರೆ 12 ಡಿಗ್ರಿ. ಮನೆಯವರನ್ನು ಅಲ್ಲಿಗೆ ಕರೆದೊಯ್ಯುವ ಮನಸ್ಸಿದ್ದರೆ ಜನವರಿ ಅಮಾವಾಸ್ಯೆ ನೋಡಿ ಟಿಕೆಟ್ ಮಾಡಿಸಿ. ಟ್ರೈಪಾಡ್ ವಿಷಯ ರೈಲು ಬಿಟ್ಟ ಮೇಲೆ ಹೇಳಿ.