ಎರಡು ಕ್ಲೈಮ್ ಆದ ಕಾರಿಗೆ ಕಡಿಮೆ ಖರ್ಚಿನ ಇನ್ಶೂರೆನ್ಸ್: ತೀರ್ಥಹಳ್ಳಿ ಅಣ್ಣನ ಪ್ರಶ್ನೆಗೆ ಉತ್ತರ

ಅಣ್ಣಾ, ಮೇಲೆ ಕಾಮೆಂಟ್ ಜಾಸ್ತಿಯಾಗಿ ನಿಮ್ಮ ಪ್ರಶ್ನೆಯೇ ಕಳೆದುಹೋಗಿದೆ. ನನಗೆ ಅರ್ಥವಾದದ್ದು ಇಷ್ಟು. 2018ರ ಕಾರು, 1197 ಸಿಸಿ ಪೆಟ್ರೋಲ್. ಎರಡು ವರ್ಷದಲ್ಲಿ ಎರಡು ಕ್ಲೈಮ್. ಒಂದು ಆಗುಂಬೆ ಘಾಟಿಯಲ್ಲಿ ತಡೆಗೋಡೆಗೆ ಉಜ್ಜಿದ್ದು, ಇನ್ನೊಂದು ಶಿವಮೊಗ್ಗದಲ್ಲಿ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿದ್ದು. ಬೆಂಗಳೂರಿನಲ್ಲಿ ಓವರ್ ಸ್ಪೀಡ್ ಫೈನ್ ಬಾಕಿ. ಪಾಲಿಸಿ ಮುಗಿದು ತಿಂಗಳ ಮೇಲಾಗಿದೆ. ಈಗ 17 ಸಾವಿರ ಕೇಳುತ್ತಿದ್ದಾರೆ, ಕಡಿಮೆ ಮಾಡುವ ದಾರಿ ಇದೆಯಾ ಅಂತ. ಇದೆ. ನಾನು ಏಜೆಂಟ್ ಅಲ್ಲ. ಮನೆಯ ಎರಡು ಕಾರು, ಒಂದು ಪಿಕಪ್‌ನ ಪಾಲಿಸಿ ನಾನೇ ನೋಡಿಕೊಳ್ಳುವುದು, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಗಾಡಿ ಹೊರಗೆ ತೆಗೆಯುವುದನ್ನು ನಿಲ್ಲಿಸಿ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿದರೆ 4,000. ಮೂರು ತಿಂಗಳವರೆಗೆ ಜೈಲಿಗೂ ಕಾನೂನಿನಲ್ಲಿ ಅವಕಾಶ ಇದೆ. ಅದು ಹೋಗಲಿ. ಪಾಲಿಸಿ ಇಲ್ಲದ ದಿನ ಯಾರಿಗಾದರೂ ಡಿಕ್ಕಿಯಾಗಿ ಪರಿಹಾರದ ಆದೇಶ ಬಂದರೆ ಕೊಡಬೇಕಾದವರು ನೀವೇ. ಕೊಡದಿದ್ದರೆ ಮೋಟಾರು ವಾಹನ ಕಾಯ್ದೆಯ 174ನೇ ಕಲಂ ಪ್ರಕಾರ ಅದನ್ನು ಭೂ ಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಬಹುದು. ಅಂದರೆ ತೋಟದ ಮೇಲೇ ಬರುತ್ತದೆ. 17 ಸಾವಿರ ಉಳಿಸಲು ಹೋಗಿ ತೋಟ ಪಣಕ್ಕೆ ಇಡುವುದು ಬೇಡ ಅಲ್ವಾ.

ಇನ್ನು ಫೈನ್ ವಿಷಯ. ನಿಮ್ಮ ಪ್ರೀಮಿಯಂ ಏರಿದ್ದು ಬೆಂಗಳೂರಿನ ಫೈನ್‌ಗಳಿಂದ ಅಂತ ಒಬ್ಬರು ಬರೆದಿದ್ದಾರೆ. ಹಾಗಲ್ಲ. ಸಂಚಾರ ನಿಯಮ ಮುರಿದವರಿಗೆ ಪ್ರೀಮಿಯಂ ಜಾಸ್ತಿ ಮಾಡಬೇಕು ಅಂತ 2021ರಲ್ಲಿ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ) ನೇಮಿಸಿದ್ದ ತಂಡ ಸಲಹೆ ಕೊಟ್ಟಿದ್ದು ನಿಜ. ಕುಡಿದು ಓಡಿಸಿದರೆ ಇಷ್ಟು ಪಾಯಿಂಟ್, ತಪ್ಪು ಪಾರ್ಕಿಂಗ್‌ಗೆ ಇಷ್ಟು ಅಂತೆಲ್ಲ ಅದರಲ್ಲಿತ್ತು. ಆದರೆ ಅದು ಸಲಹೆ ಅಷ್ಟೇ, ನಮ್ಮ ಕಡೆ ಕಂಪನಿಗಳು ನೋಡುವುದು ಮುಖ್ಯವಾಗಿ ಕ್ಲೈಮ್ ಇತಿಹಾಸ. ಫೈನ್ ಕಟ್ಟಿಬಿಡಿ, ಅದು ಬೇರೆ ಮಾತು. 2023ರ ಫೆಬ್ರವರಿಯಲ್ಲಿ ಕೊಟ್ಟ ಹಾಗೆ ಸರ್ಕಾರ ಆಗಾಗ ಅರ್ಧ ರಿಯಾಯಿತಿ ಕೊಡುತ್ತದೆ. ಆದರೆ ಡಿಎಲ್ ಅವಧಿ ಮಾತ್ರ ಇವತ್ತೇ ನೋಡಿಕೊಳ್ಳಿ. ಡಿಎಲ್ ಮುಗಿದಿದ್ದರೆ ಅಥವಾ ಅಮಾನತಾಗಿದ್ದರೆ ನಿಮ್ಮ ಗಾಡಿಯ ಕ್ಲೈಮ್ ತಳ್ಳಿಹಾಕುತ್ತಾರೆ.

ಈಗ ಆ 17 ಸಾವಿರವನ್ನು ಬಿಡಿಸಿ ನೋಡೋಣ. ಅದರಲ್ಲಿ ಥರ್ಡ್ ಪಾರ್ಟಿ ಭಾಗ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯದ್ದು, ಸರ್ಕಾರ ನಿಗದಿ ಮಾಡುವುದು. 2022ರ ಜೂನ್‌ನಲ್ಲಿ ಬಂದ ದರದಲ್ಲಿ 1000 ಸಿಸಿವರೆಗೆ 2,094, ಅದರ ಮೇಲೆ 1500 ಸಿಸಿವರೆಗೆ 3,416, ಇನ್ನೂ ದೊಡ್ಡದಕ್ಕೆ 7,897. ನಿಮ್ಮದು 3,416. ಅದಕ್ಕೆ 18% ಜಿಎಸ್‌ಟಿ ಸೇರಿದರೆ 4,031. ಎಂಥ ಒಳ್ಳೆ ಡ್ರೈವರ್‌ಗೂ ಇದೇ ರೇಟು, ನಿಮಗೂ ಇದೇ ರೇಟು. ಇಲ್ಲಿ ಯಾರೂ ಒಂದು ರೂಪಾಯಿ ಕಡಿಮೆ ಮಾಡಲಾರರು, ಜಾಸ್ತಿ ಕೇಳುವ ಹಾಗೂ ಇಲ್ಲ. ಹಾಗಾಗಿ ಚೌಕಾಸಿ ಏನಿದ್ದರೂ ಉಳಿದ ಭಾಗದ ಮೇಲೆ. ಅದು ಓಡಿ (ಓನ್ ಡ್ಯಾಮೇಜ್), ಅಂದರೆ ನಿಮ್ಮ ಸ್ವಂತ ಗಾಡಿಯ ಡ್ಯಾಮೇಜ್, ಮತ್ತೆ ಅದರ ಜೊತೆ ಅಂಟಿಸಿದ ಆಡ್ ಆನ್‌ಗಳು.

ಕ್ಲೈಮ್ ಪೆಟ್ಟು ಕೊಟ್ಟಿರುವುದು ಈ ಓಡಿಗೆ. ಕ್ಲೈಮ್ ಇಲ್ಲದ ವರ್ಷಗಳಿಗೆ ಎನ್‌ಸಿಬಿ (ನೋ ಕ್ಲೈಮ್ ಬೋನಸ್, ಓಡಿ ಮೇಲಿನ ರಿಯಾಯಿತಿ) ಕ್ರಮವಾಗಿ 20, 25, 35, 45, ಕೊನೆಗೆ 50% ಆಗುತ್ತದೆ. ಒಂದು ಕ್ಲೈಮ್ ಮಾಡಿದರೆ ಮತ್ತೆ ಸೊನ್ನೆ. ಲೆಕ್ಕ ಮಾಡಿ ನೋಡಿ. ಓಡಿ ಮೂಲ ಪ್ರೀಮಿಯಂ 9,000 ಅಂದುಕೊಳ್ಳಿ. 50% ಇದ್ದವರು ಕಟ್ಟುವುದು 4,500. ಕ್ಲೈಮ್ ಆದ ಮೇಲೆ ಅವರು ಮುಂದಿನ ವರ್ಷ 9,000, ಆಮೇಲೆ 7,200, 6,750, 5,850, 4,950 ಕಟ್ಟಿ ಆರನೇ ವರ್ಷಕ್ಕೆ ಮತ್ತೆ 4,500ಕ್ಕೆ ಬರುತ್ತಾರೆ. ಒಟ್ಟು ಹೆಚ್ಚುವರಿ 11,250, ಜಿಎಸ್‌ಟಿ ಬೇರೆ. ವರ್ಷ ವರ್ಷ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಹಾಕುವ ಬೆಲೆ) ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಬರಬಹುದು. ಆದರೂ 6,000 ರೂಪಾಯಿ ಬಂಪರ್‌ಗೆ ಕ್ಲೈಮ್ ಹಾಕುವುದು ನಷ್ಟವೇ. ಶೋರೂಮಿನವರು "ಕ್ಲೈಮ್ ಮಾಡಿ ಸರ್, ನಿಮಗೆ ಏನೂ ಖರ್ಚಿಲ್ಲ" ಅನ್ನುವಾಗ ಈ ಲೆಕ್ಕ ಯಾರೂ ಹೇಳುವುದಿಲ್ಲ.

ಆದ್ದರಿಂದ ನಿಮ್ಮಂಥವರು ಪಾಲಿಸಿ ತೆಗೆಯುವಾಗಲೇ "ಸಣ್ಣದಕ್ಕೆ ಕ್ಲೈಮ್ ಮಾಡುವುದಿಲ್ಲ" ಅಂತ ತೀರ್ಮಾನಿಸಿ, ಅದಕ್ಕೆ ತಕ್ಕ ಪಾಲಿಸಿ ತಗೊಳ್ಳಬೇಕು. ವಾಲಂಟರಿ ಡಿಡಕ್ಟಿಬಲ್ ಅಂತ ಒಂದಿದೆ. ಪ್ರತಿ ಕ್ಲೈಮ್‌ನಲ್ಲಿ ಮೊದಲ ಇಷ್ಟು ರೂಪಾಯಿ ನಾನೇ ಹಾಕಿಕೊಳ್ಳುತ್ತೇನೆ ಅಂತ ಒಪ್ಪಿಕೊಳ್ಳುವುದು. ಸಾಮಾನ್ಯವಾಗಿ 2,500, 5,000, 7,500, 15,000 ಅಂತ ಇರುತ್ತದೆ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕಳೆಯುವ 1,000 ಇದರ ಮೇಲೆ ಬೇರೆ ಸೇರುತ್ತದೆ. ನಿಮಗೆ 5,000 ಸಾಕು. ಆದರೆ ಎಷ್ಟು ರಿಯಾಯಿತಿ ಬರುತ್ತದೆ ಅಂತ ನೋಡಿಯೇ ಒಪ್ಪಿ. ಮುನ್ನೂರು ನಾನೂರು ಉಳಿತಾಯಕ್ಕೆ 5,000 ತಲೆಮೇಲೆ ಎಳೆದುಕೊಳ್ಳಬೇಡಿ.

ಬಂಪರ್ ಟು ಬಂಪರ್ (ಬಿಡಿಭಾಗ ಹಳೆಯದು ಅಂತ ಕಡಿತ ಮಾಡದೆ ದುಡ್ಡು ಕೊಡುವ ಆಡ್ ಆನ್) ತೆಗೆದುಬಿಡಿ. ಎರಡು ಕ್ಲೈಮ್ ಆದ ಹಳೆ ಕಾರಿಗೆ ಕೊಡಲು ಒಪ್ಪುವವರೇ ಕಡಿಮೆ, ಒಪ್ಪಿದರೂ ದುಬಾರಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ದುಡ್ಡು ಮಾತ್ರ ಸಿಗುತ್ತದೆ, ಗಾಜಿಗೆ ಕಡಿತ ಇಲ್ಲ. ಸಣ್ಣದಕ್ಕೆ ಕ್ಲೈಮೇ ಮಾಡುವುದಿಲ್ಲ ಅಂದಮೇಲೆ ಇದು ಅಷ್ಟಾಗಿ ಕಾಡುವುದಿಲ್ಲ. ಕೀ ಕಳೆದರೆ, ಟೈರ್ ಹೋದರೆ ಅನ್ನುವ ಚಿಲ್ಲರೆ ಆಡ್ ಆನ್‌ಗಳೂ ಬೇಡ. ಎಂಜಿನ್ ಪ್ರೊಟೆಕ್ಟ್ ಮಾತ್ರ ಮಳೆಗಾಲದಲ್ಲಿ ಹಳ್ಳ ದಾಟುವವರು ಯೋಚಿಸಬೇಕಾದದ್ದು. ನೀರಲ್ಲಿ ನಿಂತ ಗಾಡಿ ಸ್ಟಾರ್ಟ್ ಮಾಡಿ ಎಂಜಿನ್ ಹೋದರೆ ಮಾಮೂಲಿ ಪಾಲಿಸಿ ಕೊಡುವುದಿಲ್ಲ. 15 ಲಕ್ಷದ ಪಿಎ ಕವರ್ (ಓಡಿಸುವ ಮಾಲೀಕರ ಅಪಘಾತ ವಿಮೆ) ನಿಮ್ಮ ಇನ್ನೊಂದು ಗಾಡಿಯ ಪಾಲಿಸಿಯಲ್ಲಿ ಈಗಾಗಲೇ ಇದ್ದರೆ ಮತ್ತೊಮ್ಮೆ ಕಟ್ಟುವ ಅಗತ್ಯ ಇಲ್ಲ, ಹೇಳಿ ತೆಗೆಸಿ.

ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ಮಾಡುವ ಆಟ ಬೇಡ. ಕಳ್ಳತನವಾದರೆ ಸಿಗುವುದು ಅದೇ ಮೊತ್ತ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಟೋಟಲ್ ಲಾಸ್, ಆಗಲೂ ಅದೇ ಲೆಕ್ಕ.

ವರ್ಷಕ್ಕೆ ಓಡುವುದು ಕಡಿಮೆ ಅಂದಿದ್ದೀರಿ. ಹಾಗಾದರೆ ಪೇ ಆ್ಯಸ್ ಯು ಡ್ರೈವ್ ಕೇಳಿ. 2022ರ ಜುಲೈನಲ್ಲಿ ಐಆರ್‌ಡಿಎಐ ಇದಕ್ಕೆ ಅನುಮತಿ ಕೊಟ್ಟಿತು. ಕಿಲೋಮೀಟರ್ ಮಿತಿ ಹಾಕಿಕೊಂಡರೆ ಓಡಿ ಪ್ರೀಮಿಯಂ ಇಳಿಯುತ್ತದೆ. ಮಿತಿ ಮುಗಿಯುವ ಮುಂಚೆ ಟಾಪ್ ಅಪ್ ಮಾಡುವುದನ್ನು ಮಾತ್ರ ಮರೆಯಬಾರದು.

ಮೇಲೆ ಬಂದ ಮೂರು ಸಲಹೆಗಳ ಬಗ್ಗೆ. ಆನ್‌ಲೈನ್‌ನಲ್ಲಿ "ಕ್ಲೈಮ್ ಆಗಿಲ್ಲ, ಎನ್‌ಸಿಬಿ 50% ಇದೆ" ಅಂತ ಒತ್ತಿ, ಯಾರು ನೋಡ್ತಾರೆ ಅಂದವರಿಗೆ: ನೋಡುತ್ತಾರೆ. ಹಿಂದಿನ ಕ್ಲೈಮ್ ವಿವರ ಕಂಪನಿಗಳಿಗೆ ಸಿಗುತ್ತದೆ. ಪ್ರೀಮಿಯಂ ತಗೊಳ್ಳುವಾಗ ಸುಮ್ಮನಿದ್ದು, ದೊಡ್ಡ ಕ್ಲೈಮ್ ಬಂದಾಗ ತೆಗೆದು ನೋಡಿ ತಳ್ಳಿಹಾಕುತ್ತಾರೆ. ಹೆಂಡತಿ ಹೆಸರಿಗೆ ಆರ್‌ಸಿ ಮಾಡಿಸಿ ಅಂದವರಿಗೆ: ಹೊಸ ಮಾಲೀಕರ ಎನ್‌ಸಿಬಿ ಸೊನ್ನೆಯಿಂದಲೇ ಶುರು, ಆರ್‌ಟಿಒ ಖರ್ಚು ವ್ಯರ್ಥ. ಥರ್ಡ್ ಪಾರ್ಟಿ ಒಂದೇ ಸಾಕು ಅಂದವರದ್ದು ತಪ್ಪಲ್ಲ, ಆದರೆ ಅದು ಅಗ್ಗದ ಹಳೆ ಗಾಡಿಗೆ. ನಮ್ಮ ಮಲೆನಾಡಲ್ಲಿ ಜೂನ್ ಜುಲೈನಲ್ಲಿ ಕಾರಿನ ಮೇಲೆ ಮರ ಬೀಳುವುದು ಹೊಸದಲ್ಲ. ಅದಕ್ಕೆ ಥರ್ಡ್ ಪಾರ್ಟಿಯಲ್ಲಿ ಒಂದು ಪೈಸೆ ಬರುವುದಿಲ್ಲ. 4 ಲಕ್ಷ ಬೆಲೆಯ ಗಾಡಿಗೆ ಫುಲ್ ಇನ್ಶೂರೆನ್ಸ್ ಇರಲಿ ಅನ್ನುತ್ತೇನೆ.

ಎನ್‌ಸಿಬಿ ಉಳಿಯಲು ಪಾಲಿಸಿ ಮುಗಿದ 90 ದಿನದೊಳಗೆ ರಿನ್ಯೂವಲ್ ಆಗಬೇಕು. ನಿಮಗೆ ಈಗ ಕಳೆದುಕೊಳ್ಳಲು ಎನ್‌ಸಿಬಿಯೇ ಇಲ್ಲ, ಆದರೆ ಮುಂದಿನ ವರ್ಷ 20% ಬಂದಿರುತ್ತದೆ, ಆಗ ಮರೆಯಬೇಡಿ. ಪಾಲಿಸಿ ಮುಗಿದಿರುವುದರಿಂದ ಫುಲ್ ಇನ್ಶೂರೆನ್ಸ್‌ಗೆ ಗಾಡಿಯ ಇನ್‌ಸ್ಪೆಕ್ಷನ್ ಕೇಳುತ್ತಾರೆ. ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಕಳಿಸಿದರೆ ಸಾಕಾಗುತ್ತದೆ. ತೊಳೆದು, ಹಗಲು ಬೆಳಕಿನಲ್ಲಿ ತೆಗೆಯಿರಿ. ಹಳೆ ಡೆಂಟ್ ಮುಚ್ಚಿಡಬೇಡಿ.

ರೇಟ್ ಕೇಳುವಾಗ ಎರಡು ಖಾಸಗಿ ಕಂಪನಿ, ಒಂದು ಸರ್ಕಾರಿ ಕಂಪನಿ ನೋಡಿ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಈ ನಾಲ್ಕು ಸರ್ಕಾರದವು. ಕ್ಲೈಮ್ ಆದವರಿಗೆ ಒಬ್ಬೊಬ್ಬರು ಒಂದೊಂದು ಥರ ಲೆಕ್ಕ ಹಾಕುತ್ತಾರೆ, ವ್ಯತ್ಯಾಸ ಸಾವಿರಗಳಲ್ಲಿ ಇರುತ್ತದೆ. ಮೂರೂ ಕಡೆ ಐಡಿವಿ, ಡಿಡಕ್ಟಿಬಲ್, ಆಡ್ ಆನ್ ಒಂದೇ ಇಟ್ಟು ಹೋಲಿಸಿ. ಇಲ್ಲದಿದ್ದರೆ ಕಡಿಮೆ ಅಂತ ಕಂಡದ್ದು ಬರೀ ಐಡಿವಿ ಇಳಿಸಿದ್ದಾಗಿರುತ್ತದೆ.

ಕೊನೆಗೆ, ಅಡಿಕೆ ಮೂಟೆ ಇದೇ ಕಾರಲ್ಲಿ ಮಂಡಿಗೆ ಹಾಕಿಕೊಂಡು ಹೋಗ್ತೇನೆ ಅಂತ ಬರೆದಿದ್ದೀರಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಸರಕು ಸಾಗಣೆ ಹೊರಗೆ, ಬಾಡಿಗೆ ಓಡಿಸುವುದೂ ಹೊರಗೆ. ಮೂಟೆ ತುಂಬಿದ ಕಾರು ಡಿಕ್ಕಿಯಾದರೆ ಕಂಪನಿಗೆ ಇಲ್ಲ ಅನ್ನಲು ಕಾರಣ ಕೈಗೆ ಕೊಟ್ಟಂತೆ. ಮೂಟೆಗೆ ಊರಿನ ಪಿಕಪ್ ಬಾಡಿಗೆ ಹಿಡಿಯಿರಿ. ಹೊಸ ಕೊಟೇಶನ್ ಬಂದಮೇಲೆ ಪಾಲಿಸಿ ನಂಬರ್, ಗಾಡಿ ನಂಬರ್ ಮುಚ್ಚಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.