ಹೊಟ್ಟೆಯ ಕಾಯಿಲೆಗೂ ಕಾಲಿನ ಹುಣ್ಣಿಗೂ ನಂಟಿದೆಯಾ?

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು) ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಎರಡು ತಿಂಗಳ ಹಿಂದೆ ತೋಟದಲ್ಲಿ ಅಡಿಕೆ ಸೋಗೆ ತಾಗಿ ಮೊಣಕಾಲಿನ ಕೆಳಗೆ ಗೀರಾಯಿತು. ಅದೇ ಗುಳ್ಳೆಯಾಗಿ, ಒಡೆದು, ಈಗ ಅಂಗೈ ಅಗಲದ ಹುಣ್ಣು. ಅಂಚೆಲ್ಲ ನೇರಳೆ ಬಣ್ಣ, ವಿಪರೀತ ನೋವು. ಎರಡು ಸಲ ಕೊಯ್ದು ಕ್ಲೀನ್ ಮಾಡಿದರು, ಎರಡು ಸಲವೂ ಜಾಸ್ತಿಯಾಯಿತು. ಶುಗರ್ ಇಲ್ಲ, ಕೀವಿನ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಮೂರನೇ ಸಲ ಕೊಯ್ಯಬೇಕಂತೆ. ಅಮ್ಮ ಏನೋ ವಿಷ ತಾಗಿದೆ ಅನ್ನುತ್ತಾರೆ.
— ಓದುಗರು, ಪೆರ್ಲ

ಉತ್ತರ: ಕೊಯ್ಯುವ ಮೊದಲು ಒಬ್ಬ ಚರ್ಮರೋಗ ತಜ್ಞರಿಗೆ ತೋರಿಸಿ. ಕಾಗದ ಓದಿ ರೋಗ ಹೇಳಲಾಗದು, ಆದರೆ ನೀವು ಬರೆದದ್ದೆಲ್ಲ ಪಯೋಡರ್ಮಾ ಗ್ಯಾಂಗ್ರೀನೋಸಮ್ ಅನ್ನುವ ಅಪರೂಪದ ಕಾಯಿಲೆಯ ಕಡೆಗೇ ಬೆರಳು ತೋರಿಸುತ್ತದೆ. ಹೆಸರೇ ದಾರಿ ತಪ್ಪಿಸುತ್ತದೆ ನೋಡಿ. 1930ರಲ್ಲಿ ಹೆಸರಿಟ್ಟವರು ಇದನ್ನು ಸೋಂಕು ಅಂದುಕೊಂಡಿದ್ದರು. ಇದು ಗ್ಯಾಂಗ್ರೀನ್ ಅಲ್ಲ, ಸೋಂಕೂ ಅಲ್ಲ. ನಮ್ಮದೇ ರಕ್ಷಣಾ ವ್ಯವಸ್ಥೆ ಕೆರಳಿ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಚರ್ಮಕ್ಕೆ ನುಗ್ಗಿ ಮಾಡುವ ಹಾನಿ. ಕೊಲೈಟಿಸ್, ಕ್ರೋನ್ಸ್‌ನಂಥ ಕರುಳಿನ ಉರಿಯೂತ ಇದ್ದವರಲ್ಲಿ ಕೆಲವರಿಗೆ ಬರುತ್ತದೆ, ಹೊಟ್ಟೆ ಸುಮ್ಮನಿದ್ದಾಗಲೂ ಬರಬಹುದು. ಅದಕ್ಕೇ ಯಾರಿಗೂ ನಂಟು ಹೊಳೆಯುವುದಿಲ್ಲ. ಕೊಲೈಟಿಸ್ ವಿಷಯ ಸರ್ಜನ್‌ಗೆ ಹೇಳಿದ್ದೀರಾ?

ಇದರ ಒಂದು ಕೆಟ್ಟ ಗುಣ: ಪೆಟ್ಟು ಬಿದ್ದಲ್ಲೇ ಕೆರಳುತ್ತದೆ. ಸೋಗೆಯ ಗೀರೂ ಪೆಟ್ಟೇ, ಸರ್ಜನ್ ಕತ್ತಿಯೂ ಪೆಟ್ಟೇ. ಕೊಯ್ದಷ್ಟೂ ಅಗಲವಾಗುವುದು ಹೀಗೆ.

ಬೇರೆ ಕಾರಣ ಇಲ್ಲವೆಂದು ಖಚಿತ ಮಾಡಲು ಅಂಚಿನಿಂದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ, ಅದಕ್ಕೆ ಹೆದರಬೇಡಿ. ಆಮೇಲೆ ಸಾಮಾನ್ಯವಾಗಿ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಅಥವಾ ಕೆರಳಿದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಕೊಡುತ್ತಾರೆ. ಇವೆರಡನ್ನೂ ಹೋಲಿಸಿ ಬ್ರಿಟನ್ನಿನಲ್ಲಿ ನಡೆಸಿದ ಅಧ್ಯಯನ 2015ರಲ್ಲಿ ಬಂತು: ಯಾವುದು ಕೊಟ್ಟರೂ ಆರು ತಿಂಗಳಲ್ಲಿ ವಾಸಿಯಾದವರು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ಹಾಗಾಗಿ ತಾಳ್ಮೆ ಬೇಕು. ಗುಣವಾಗದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಇಂಜೆಕ್ಷನ್ ಇದೆ, ಅದು ಹೊಟ್ಟೆಗೂ ಕೆಲಸ ಮಾಡುತ್ತದೆ. ದುಬಾರಿ, ಕೊಡುವ ಮೊದಲು ಕ್ಷಯದ ಪರೀಕ್ಷೆ ಆಗಲೇಬೇಕು. ಮೆಡಿಕಲ್‌ನಲ್ಲಿ ಕೇಳಿ ಸ್ಟೆರಾಯ್ಡ್ ನುಂಗಬೇಡಿ. ಸೊಪ್ಪಿನ ರಸವೂ ಬೇಡ.

ಜ್ವರ ಬಂದರೆ, ಕೆಂಪು ಬೇಗಬೇಗ ಹರಡಿದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹೇಗೂ ಮಂಗಳೂರಿಗೆ ಬಸ್ಸು ಹತ್ತುತ್ತೀರಿ, ಹೊಟ್ಟೆಯ ಡಾಕ್ಟರನ್ನೂ ಅದೇ ದಿನ ಕಂಡು, ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿ. ವಾರಕ್ಕೊಮ್ಮೆ ಹುಣ್ಣಿನ ಪಕ್ಕ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ದೊಡ್ಡದಾಗುತ್ತಿದೆಯೋ ಸಣ್ಣದೋ ಅಂತ ವಾದವೇ ಇರುವುದಿಲ್ಲ. ಇದು ಅಂಟುವ ರೋಗವೂ ಅಲ್ಲ, ಅಮ್ಮನಿಗೆ ಅದನ್ನೂ ಹೇಳಿಬಿಡಿ.